ಸಿನಿಮಾ ಕನ್ನಡಿಯಲ್ಲಿ ಅಚ್ಚಾದ ಡಿಎನ್‌ಎ

ಓದುಗರೊಬ್ಬರ ಪತ್ರ ಬಂದಿದೆ. ಅವರ ಮಗಳು ಅಮೆರಿಕದಲ್ಲಿ ಗಿಡಗಳ ಜೀನುಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದಾಳೆ. ‘ಮೈಕ್ರೊಅರೇಗೆ ಸ್ಯಾಂಪಲ್ ಫೆಸಿಲಿಟೀಲಿ ಕೊಟ್ಟು ಬಂದೆ ಅಪ್ಪಾ’ ಅಂದಳಂತೆ. ಬಟ್ಟೆ ಇಸ್ತ್ರಿಗೆ ಕೊಟ್ಟ ಹಾಗೆ ಕೊಟ್ಟು ಬಂದರೆ ಇವಳು ಮಾಡುವ ಸಂಶೋಧನೆ ಯಾವುದು ಸ್ವಾಮಿ, ಎಂದು ಕೇಳಿದ್ದಾರೆ.

ಮೈಕ್ರೊಅರೇ ಒಂದು ಹಾಜರಿ ಪುಸ್ತಕ. ಗಾಜಿನ ಚೂರಿನ ಮೇಲೆ ಲಕ್ಷಾಂತರ ಚುಕ್ಕಿಗಳು. ಒಂದೊಂದರಲ್ಲೂ ಯಾವುದೋ ಜೀನಿಗೆ ಜೋಡಿಯಾಗುವ ಡಿಎನ್‌ಎ ತುಣುಕು. ಗಿಡದ ಜೀನುಗಳು ದುಡಿಯುವಾಗ ಹೊರಡಿಸುವ ಆರ್‌ಎನ್‌ಎಯ ಪ್ರತಿ ತೆಗೆದು, ಹೊಳೆಯುವ ಬಣ್ಣ ಕಟ್ಟಿ, ಗಾಜಿನ ಮೇಲೆ ಬಿಟ್ಟು ರಾತ್ರಿಯಿಡೀ ಬೆಚ್ಚಗಿಟ್ಟರೆ ಪ್ರತಿಗಳು ತಮ್ಮ ತಮ್ಮ ಜೋಡಿಗೆ ಅಂಟಿಕೊಳ್ಳುತ್ತವೆ. ಬೆಳಿಗ್ಗೆ ತೊಳೆದು ಲೇಸರ್ ಹಾಯಿಸಿದರೆ ‘ಎಸ್ ಸಾರ್’ ಅಂದ ಚುಕ್ಕಿಗಳೆಲ್ಲ ಮಿನುಗುತ್ತವೆ. ಮೈಮುರಿದು ದುಡಿಯುತ್ತಿರುವ ಜೀನಿನ ದನಿ ಜೋರು. ಪುಸ್ತಕದಲ್ಲಿ ಹೆಸರಿಲ್ಲದವನು ಬಂದು ಕೂತಿದ್ದರೂ ಲೆಕ್ಕಕ್ಕಿಲ್ಲ. ಆರ್‌ಎನ್‌ಎಯನ್ನು ನೇರವಾಗಿ ಓದಿ ಎಣಿಸುವ ವಿಧಾನ ಬಂದ ಮೇಲೆ ಅರೇ ಹಿಂದೆ ಬಿದ್ದದ್ದಕ್ಕೆ ಇದೂ ಒಂದು ಕಾರಣ.

1995ರಲ್ಲಿ ಸ್ಟ್ಯಾನ್‌ಫರ್ಡಿನ ಪ್ಯಾಟ್ರಿಕ್ ಬ್ರೌನ್ ಮತ್ತು ಸಂಗಡಿಗರು ಸಾಸಿವೆಯ ದಾಯಾದಿ ಅರಬಿಡಾಪ್ಸಿಸ್‌ನ 45 ಜೀನುಗಳನ್ನು ಗಾಜಿನ ಮೇಲೆ ಹೀಗೆ ಸಾಲಾಗಿ ಕೂರಿಸಿದ್ದರು. ನಲವತ್ತೈದರಿಂದ ಲಕ್ಷಕ್ಕೆ ಹೋಗುವುದು ಹೇಗೆ? ಅಫಿಮೆಟ್ರಿಕ್ಸ್ ಕಂಪನಿ ಬೆಳಕನ್ನು ಹಿಡಿಯಿತು. ಡಿಎನ್‌ಎಯ ಅಕ್ಷರಕ್ಕೊಂದು ರಾಸಾಯನಿಕ ಟೋಪಿ. ಬೆಳಕು ಬಿದ್ದಲ್ಲಿ ಮಾತ್ರ ಟೋಪಿ ಕಳಚಿ ಮುಂದಿನ ಅಕ್ಷರ ಅಂಟುತ್ತದೆ. ಎಲ್ಲಿ ಬೆಳಕು, ಎಲ್ಲಿ ನೆರಳು ಎನ್ನುವುದಕ್ಕೆ ರಂಗೋಲಿ ಅಚ್ಚಿನಂಥ ತಗಡು ಬೇಕು. 25 ಅಕ್ಷರದ ತುಣುಕಿಗೆ, ನಾಲ್ಕು ಅಕ್ಷರಗಳ ಲೆಕ್ಕದಲ್ಲಿ, 100 ಅಚ್ಚಿನವರೆಗೂ! ಒಂದು ಜೀನು ಬದಲಿಸಬೇಕೆಂದರೂ ಹೊಸ ಅಚ್ಚು, ಹೊಸ ಖರ್ಚು.

ನನಗೆ ಬಲು ಇಷ್ಟವಾದ ಕಥೆ ಇಲ್ಲಿಂದ ಮುಂದಿನದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಮ್ಯಾಡಿಸನ್ ಕ್ಯಾಂಪಸ್ಸಿನಲ್ಲಿ ಸಸ್ಯಗಳನ್ನು ಬಲ್ಲ ಮೈಕೆಲ್ ಸಸ್‌ಮನ್, ಇ. ಕೋಲಿ ಬ್ಯಾಕ್ಟೀರಿಯಾದ ಜೀನೋಮ್ ಓದಿದ ಫ್ರೆಡರಿಕ್ ಬ್ಲಾಟ್ನರ್, ಕಂಪ್ಯೂಟರ್ ಚಿಪ್ಪಿನ ಕಸುಬು ಬಲ್ಲ ಎಂಜಿನಿಯರ್ ಫ್ರಾಂಕೊ ಸೆರಿನಾ ಒಟ್ಟಾದರು. ಅಚ್ಚನ್ನೇ ಬಿಸಾಕಿ, ಪ್ರೊಜೆಕ್ಟರಿನೊಳಗೆ ಇರುವ, ಕಂಪ್ಯೂಟರ್ ಹೇಳಿದಂತೆ ಓಲಾಡುವ ಸೂಕ್ಷ್ಮ ಕನ್ನಡಿಗಳ ಫಲಕವನ್ನು ತಂದು ಕೂರಿಸಿದರು. ನಮ್ಮ ಚಿತ್ರಮಂದಿರಗಳಲ್ಲಿ ನಾಯಕನ ಮುಖ ಮೂಡಿಸುವುದೂ ಇಂಥದೇ ಫಲಕ. 1999ರಲ್ಲಿ ಪ್ರಕಟಿಸಿದ ಚಿಪ್ಪಿನಲ್ಲಿ 76,000ಕ್ಕೂ ಹೆಚ್ಚು ಚುಕ್ಕಿಗಳಿದ್ದವು. ಅದರಿಂದ ಹುಟ್ಟಿದ ನಿಂಬಲ್‌ಜೆನ್ ಕಂಪನಿ ಅದನ್ನು 21 ಲಕ್ಷಕ್ಕೆ ಒಯ್ದಿತು. 2007ರಲ್ಲಿ ಔಷಧ ಕಂಪನಿ ರೋಶ್ ನಿಂಬಲ್‌ಜೆನನ್ನೇ ಕೊಂಡುಕೊಂಡಿತು. 2012ರಲ್ಲಿ ಆ ಅರೇ ವ್ಯಾಪಾರ ನಿಲ್ಲಿಸುವುದಾಗಿ ಹೇಳಿತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಇಂಥ ಯಂತ್ರ, ಸ್ಕ್ಯಾನರ್‌ಗಳನ್ನು ಪ್ರತಿ ಲ್ಯಾಬೂ ಕೊಳ್ಳಲಾರದು. ಹಾಗಾಗಿ ವಿಶ್ವವಿದ್ಯಾಲಯ ಒಂದು ಕಡೆ ಇಟ್ಟು, ನುರಿತವರನ್ನು ಕೂರಿಸಿ, ಎಲ್ಲರಿಗೂ ಶುಲ್ಕಕ್ಕೆ ಮಾಡಿಕೊಡುತ್ತದೆ. ಅವರು ಮೊದಲು ನೋಡುವುದು ಆರ್‌ಎನ್‌ಎ ಹಾಳಾಗಿದೆಯೇ ಎಂದು. ಬೆರಳ ಬೆವರು ಸೋಕಿದರೂ ಅದು ಚೂರುಚೂರು. ಕೆಟ್ಟಿದ್ದರೆ ಮುಲಾಜಿಲ್ಲದೆ ವಾಪಸ್. ಗಿಡ ಬೆಳೆಸುವುದು, ಒಂದೇ ಪ್ರಯೋಗವನ್ನು ಕಡಿಮೆಯೆಂದರೆ ಮೂರು ಸಲ ಮಾಡುವುದು, ಆರ್‌ಎನ್‌ಎ ಕೆಡದಂತೆ ತೆಗೆಯುವುದು ಎಲ್ಲ ಮಗಳದ್ದೇ. ಆಮೇಲೆ ಫೆಸಿಲಿಟಿಯಿಂದ ಸಾವಿರಾರು ಸಾಲುಗಳ ಅಂಕಿಪಟ್ಟಿ ಬರುತ್ತದೆ. ಅದರಲ್ಲಿ ಯಾವ ದನಿ ನಿಜ, ಯಾವುದು ಬರೀ ಗದ್ದಲ ಎಂದು ಆರಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಆಗ ಅವಳು ಭಾನುವಾರದ ಫೋನು ತಪ್ಪಿಸಿದರೆ ಬೇಸರ ಮಾಡಿಕೊಳ್ಳಬೇಡಿ.