ಅನಂತದಲ್ಲಿ ಹೆಚ್ಚು ಕಡಿಮೆಯುಂಟೇ?

ಸವದತ್ತಿಯ ಎಲ್ಲಮ್ಮನ ಜಾತ್ರೆಗೆ ಬೈಲಹೊಂಗಲ, ಕಿತ್ತೂರು, ರಾಮದುರ್ಗಗಳ ಕಡೆಯಿಂದ ಬರುವ ಚಕ್ಕಡಿಗಳನ್ನು ಲೆಕ್ಕವಿಡಬೇಕೆನ್ನಿ. ನೂರರವರೆಗೆ ಎಣಿಸಲು ಬಾರದವನೂ ಚಕ್ಕಡಿಗೊಂದು ಹರಳನ್ನು ಬದಿಗಿಡುತ್ತ ಹೋದರೆ, ಹರಳುಗಳೂ ಚಕ್ಕಡಿಗಳೂ ಸಮವೆಂದು ನಿಶ್ಚಯವಾಗಿ ಹೇಳಬಲ್ಲನು. ಸಂಖ್ಯೆಯ ಹೆಸರು ಬೇಕಿಲ್ಲ. ಜೋಡಿ ಸರಿಹೋದರೆ ಸಾಕು. ಮಹಾಶಯರೇ, ಈ ಸುಲಭೋಪಾಯವು ಕೊನೆಯಿಲ್ಲದ ರಾಶಿಗಳಿಗೂ ಸಲ್ಲುವುದೇ ಎಂಬುದು ಇಂದಿನ ವಿಚಾರ.

ಈ ವಿಚಾರವು ನಮ್ಮ ನಾಡಿಗೆ ಹೊಸದಲ್ಲ. ಮೂಡಬಿದಿರೆಯ ಬಸದಿಯಲ್ಲಿ ಹಳಗನ್ನಡ ಲಿಪಿಯ ತಾಳೆಗರಿಗಳಲ್ಲಿ ಉಳಿದುಬಂದು, ೧೯೩೯ರಿಂದ ಅಚ್ಚಾಗತೊಡಗಿದ ‘ಧವಲಾ’ ಎಂಬ ಟೀಕೆಯಲ್ಲಿ, ರಾಷ್ಟ್ರಕೂಟರ ಕಾಲದ ವೀರಸೇನಾಚಾರ್ಯರು ಎರಡು ಅನಂತ ರಾಶಿಗಳನ್ನು ಹೋಲಿಸಿದ್ದಾರೆ. ಒಂದರಿಂದ ಕಳೆದ ಕಾಲದ ಒಂದು ಕ್ಷಣವನ್ನೂ ಇನ್ನೊಂದರಿಂದ ಒಂದು ಜೀವವನ್ನೂ ಜೊತೆಜೊತೆಯಾಗಿ ತೆಗೆಯುತ್ತ ಹೋದರೆ ಕ್ಷಣಗಳು ತೀರಿದರೂ ಮಿಥ್ಯಾದೃಷ್ಟಿ ಜೀವರು ತೀರರು. ಆದುದರಿಂದ ಜೀವರಾಶಿಯೇ ಹೆಚ್ಚು ಎಂಬುದು ಅವರ ವಾದ.

ಈ ವಾದವನ್ನು ಸ್ವಾಭಾವಿಕ ಸಂಖ್ಯೆಗಳಲ್ಲಿ ಪರೀಕ್ಷಿಸೋಣ. ೧, ೨, ೩ ಎಂಬ ಸಾಲಿನ ಪಕ್ಕದಲ್ಲಿ ೨, ೪, ೬ ಎಂಬ ಸಮಸಂಖ್ಯೆಗಳ ಸಾಲನ್ನಿರಿಸಿರಿ. ಎರಡಕ್ಕೆ ಎರಡು, ನಾಲ್ಕಕ್ಕೆ ನಾಲ್ಕು ಎಂದು ಜೋಡಿಸಿದರೆ ಬೆಸಸಂಖ್ಯೆಗಳೆಲ್ಲ ಒಂಟಿಯಾಗಿ ಉಳಿಯುವುವು. ಒಂದಕ್ಕೆ ಎರಡು, ಎರಡಕ್ಕೆ ನಾಲ್ಕು, ಮೂರಕ್ಕೆ ಆರು ಎಂದು ಜೋಡಿಸಿದರೆ ಒಂದೂ ಉಳಿಯದು! ೧೬೩೮ರಲ್ಲಿ ಗೆಲಿಲಿಯೋ ವರ್ಗಸಂಖ್ಯೆಗಳಲ್ಲಿ ಇದೇ ಚಮತ್ಕಾರವನ್ನು ತೋರಿಸಿ, ಅನಂತಕ್ಕೆ ಹೆಚ್ಚು ಕಡಿಮೆಯೆಂಬ ಮಾತೇ ಸಲ್ಲದೆಂದು ಕೈಬಿಟ್ಟನು.

ಜರ್ಮನಿಯ ಕ್ಯಾಂಟರನು ಕೈಬಿಡಲಿಲ್ಲ. ಒಂದು ಜೋಡಣೆಯಲ್ಲಿ ಮಿಕ್ಕ ಮಾತ್ರಕ್ಕೆ ಹೆಚ್ಚೆನ್ನಲಾಗದು; ಯಾವ ಜೋಡಣೆಯಿಂದಲೂ ಸರಿಹೋಗದೆಂದು ಸಾಧಿಸಬೇಕು. ೧೮೯೧ರಲ್ಲಿ ಅವನು ಕೊಟ್ಟ ಯುಕ್ತಿಯನ್ನು ಹೀಗೆ ಹೇಳಬಹುದು. ಸ್ವಾಭಾವಿಕ ಸಂಖ್ಯೆಗಳಿಂದಾದ ಕೊನೆಯಿಲ್ಲದ ಶ್ರೇಢಿಗಳನ್ನೆಲ್ಲ ಒಬ್ಬನು ಮೊದಲನೆಯದು, ಎರಡನೆಯದು ಎಂದು ಪಟ್ಟಿಮಾಡಿರುವನೆಂದು ಭಾವಿಸಿರಿ. ಮೊದಲನೆಯ ಶ್ರೇಢಿಯ ಮೊದಲನೆಯ ಪದಕ್ಕೂ, ಎರಡನೆಯದರ ಎರಡನೆಯ ಪದಕ್ಕೂ, ಹೀಗೆಯೇ ಮುಂದಿನವುಗಳಿಗೂ ಒಂದೊಂದನ್ನು ಕೂಡಿಸಿ, ಬಂದ ಸಂಖ್ಯೆಗಳನ್ನು ಸಾಲಾಗಿ ಬರೆಯಿರಿ. ಈ ಹೊಸ ಶ್ರೇಢಿಯು ಪಟ್ಟಿಯಲ್ಲಿರುವ ಪ್ರತಿಯೊಂದರಿಂದಲೂ ಒಂದು ಸ್ಥಾನದಲ್ಲಾದರೂ ಭಿನ್ನವಾಗಿರುವುದರಿಂದ ಪಟ್ಟಿಯಲ್ಲಿರಲಾರದು. ಪಟ್ಟಿಯನ್ನು ಹೇಗೆ ಮಾಡಿದರೂ ಇದೇ ಗತಿ. ಆದುದರಿಂದ ಶ್ರೇಢಿಗಳ ಅನಂತವು ಸಂಖ್ಯೆಗಳ ಅನಂತಕ್ಕಿಂತ ದೊಡ್ಡದು.

ಕ್ಯಾಂಟರನ ಸಿದ್ಧಾಂತವೆಲ್ಲ ನಮ್ಮ ತಾಳೆಗರಿಯಲ್ಲೇ ಇತ್ತೆಂದರೆ ಅದು ಬರಿಯ ಅಭಿಮಾನದ ಮಾತಾದೀತು. ಆದರೆ ಅನಂತಗಳಲ್ಲಿಯೂ ತರತಮವುಂಟು, ಅದನ್ನು ಜೋಡಿಸಿ ನೋಡಿಯೇ ತಿಳಿಯಬೇಕು ಎಂಬ ಸಾವಿರ ವರ್ಷಕ್ಕೂ ಹಿಂದಿನ ಧೈರ್ಯವು ಇಂದಿಗೂ ಗೌರವಾರ್ಹವಾಗಿದೆ.