ಆನೆಯ ಕಾಲಿನ ಸರಪಳಿ

ಕಳೆದ ವಾರ ಮೊಮ್ಮಗಳನ್ನು ಕರೆದುಕೊಂಡು ಜಾತ್ರೆಗೆ ಹೋಗಿದ್ದೆ. ದೇವಸ್ಥಾನದ ಮುಂದೆ ಆನೆ ನಿಂತಿತ್ತು. ಬಾಳೆಹಣ್ಣು ಕೊಟ್ಟೆ. ಅದು ತಲೆಯ ಮೇಲೆ ಸೊಂಡಿಲಿಟ್ಟು ಆಶೀರ್ವಾದ ಮಾಡಿತು. ಕೈಮುಗಿದೆ. ಮೊಮ್ಮಗಳು ಮಾತ್ರ ಆನೆಯ ಕಾಲನ್ನೇ ನೋಡುತ್ತಿದ್ದಳು.

"ಸರಪಳಿ ಯಾಕೆ?" ಎಂದು ಮಾವುತನನ್ನು ಕೇಳಿದಳು.

"ಈ ಗದ್ದಲಕ್ಕೆ ಬೆದರಿದರೆ ಕಷ್ಟ ಅಲ್ವಾ ಪುಟ್ಟಿ?"

"ಹಾಗಾದ್ರೆ ಗದ್ದಲಕ್ಕೆ ಯಾಕೆ ಕರ್ಕೊಂಡು ಬಂದ್ರಿ?"

ಮಾವುತ ನನ್ನ ಮುಖ ನೋಡಿದ. ನನಗೂ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಅವಳಿಗೆ ಹ್ಯಾಪಿಯ ಕಥೆ ಹೇಳಿದೆ. ಮಕ್ಕಳೇ, ನೀವೂ ಕೇಳಿ.

ಹ್ಯಾಪಿ ನಮ್ಮ ಏಷ್ಯಾ ಖಂಡದ ಹೆಣ್ಣಾನೆ. ಮರಿಯಾಗಿದ್ದಾಗಲೇ ಹಿಡಿದು ಅಮೆರಿಕಕ್ಕೆ ಸಾಗಿಸಿದರು. 1977ರಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್ ಮೃಗಾಲಯ ಸೇರಿತು. ಒಮ್ಮೆ ವಿಜ್ಞಾನಿಗಳು ಅದರ ತಲೆಗೆ ಬಿಳಿ ಗುರುತು ಹಾಕಿ, ದೊಡ್ಡ ಕನ್ನಡಿಯ ಮುಂದೆ ಬಿಟ್ಟರು. ಹ್ಯಾಪಿ ಸೊಂಡಿಲಿನಿಂದ ತನ್ನ ತಲೆಯ ಗುರುತನ್ನೇ ಮತ್ತೆ ಮತ್ತೆ ಮುಟ್ಟಿಕೊಂಡಿತು. ಕನ್ನಡಿಯಲ್ಲಿರುವುದು ತಾನೇ ಎಂದು ಅದಕ್ಕೆ ಗೊತ್ತಾಗಿತ್ತು!

ಅಕ್ರಮವಾಗಿ ಕೂಡಿಹಾಕಿದ ಮನುಷ್ಯರನ್ನು ಬಿಡಿಸಲು ಹೇಬಿಯಸ್ ಕಾರ್ಪಸ್ ಎಂಬ ಅರ್ಜಿ ಇದೆ. 2018ರಲ್ಲಿ ಪ್ರಾಣಿಗಳ ಹಕ್ಕಿಗಾಗಿ ಹೋರಾಡುವವರು ಹ್ಯಾಪಿಯ ಪರವಾಗಿ ಅದೇ ಅರ್ಜಿ ಹಾಕಿದರು; ವಿಶಾಲವಾದ ಆನೆಧಾಮಕ್ಕೆ ಕಳುಹಿಸಿ ಎಂದು ಕೇಳಿದರು. 2022ರಲ್ಲಿ ನ್ಯೂಯಾರ್ಕ್ ರಾಜ್ಯದ ಅತ್ಯುನ್ನತ ನ್ಯಾಯಾಲಯ ತೀರ್ಪು ಕೊಟ್ಟಿತು. ಆನೆ ಬುದ್ಧಿವಂತ ಜೀವಿ, ಕರುಣೆಗೆ ಅರ್ಹ, ಆದರೆ ಈ ಹಕ್ಕು ಮನುಷ್ಯರಿಗೆ ಮಾತ್ರ ಎಂದರು ಐವರು ನ್ಯಾಯಮೂರ್ತಿಗಳು. ಇಬ್ಬರು ಅದನ್ನು ಒಪ್ಪಲಿಲ್ಲ. ಹ್ಯಾಪಿಗೆ ಬಿಡುಗಡೆ ಸಿಗಲಿಲ್ಲ.

"ಆನೆಗೂ ನಮ್ಮಷ್ಟೇ ಹಕ್ಕು ಕೊಟ್ಟರೆ ಅದು ಓಟು ಹಾಕುತ್ತಾ ತಾತ?" ಮೊಮ್ಮಗಳು ನಕ್ಕಳು.

ನಾನೂ ನಕ್ಕೆ. ಆನೆಗೆ ಓಟು ಬೇಡ, ಶಾಲೆಯೂ ಬೇಡ. ನಡೆದಾಡಲು ಜಾಗ, ಮೈಗೆ ಎರಚಿಕೊಳ್ಳಲು ನೀರು, ಮಣ್ಣು, ಜೊತೆಗೆ ತನ್ನ ಬಳಗ ಬೇಕು. ಸಮಾನತೆ ಅಂದರೆ ಎಲ್ಲರಿಗೂ ಒಂದೇ ಅಳತೆಯ ಅಂಗಿ ಹೊಲಿಸುವುದಲ್ಲ. ನಮ್ಮ ನೋವು ನೋವಾದರೆ ಅದರದ್ದೂ ನೋವೇ ಎಂದು ಲೆಕ್ಕಕ್ಕೆ ತೆಗೆದುಕೊಳ್ಳುವುದು.

"ಪ್ರಾಣಿಗಳಿಗೆ ದಯೆ ತೋರಿಸೋದು ನಮ್ಮ ಮೂಲಭೂತ ಕರ್ತವ್ಯ ಅಂತ ಪಾಠದಲ್ಲಿದೆ," ಎಂದಳು.

ನಿಜ, ಸಂವಿಧಾನದ 51ಎ ವಿಧಿಯ ಮಾತದು. ಆದರೆ ದಯೆ ಕೊಡುವವರ ಕೈಯಲ್ಲಿರುತ್ತದೆ. ಮನಸ್ಸಾದರೆ ಉಂಟು, ಇಲ್ಲದಿದ್ದರೆ ಇಲ್ಲ. ಹಕ್ಕು ಹಾಗಲ್ಲ, ನಮಗೆ ಮನಸ್ಸಿಲ್ಲದ ದಿನವೂ ಅದು ಇರುತ್ತದೆ.

ನಾನು ಕೊಟ್ಟ ಬಾಳೆಹಣ್ಣು ದಯೆ. ಅವಳು ಕೇಳಿದ್ದು ಹಕ್ಕಿನ ಪ್ರಶ್ನೆ. ಚಿಕ್ಕಂದಿನಿಂದ ಆನೆಗೆ ಹಣ್ಣು ಕೊಡುತ್ತಲೇ ಬಂದಿದ್ದೇನೆ. ಒಮ್ಮೆಯೂ ಅದರ ಕಾಲಿನ ಕಡೆ ನೋಡಿರಲಿಲ್ಲ.