ಬಿಡದಿಯಲ್ಲಿ ಬಿದ್ದ ‘ಸಾರಸ್’: ಎಂಜಿನ್ ಆರಿಸಿ ಹೊತ್ತಿಸುವ ಪರೀಕ್ಷೆ

2009ರ ಮಾರ್ಚ್ 6ರಂದು ಬೆಂಗಳೂರಿನ ಹೊರವಲಯದ ಬಿಡದಿ ಬಳಿ ‘ಸಾರಸ್’ ವಿಮಾನದ ಎರಡನೇ ಮಾದರಿ ನೆಲಕ್ಕಪ್ಪಳಿಸಿತು. ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ರೂಪಿಸಿದ 14 ಆಸನಗಳ ಲಘು ಸಾರಿಗೆ ವಿಮಾನವಿದು. ಅದರಲ್ಲಿದ್ದವರು ವಾಯುಪಡೆಯ ಮೂವರು: ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ. ಮೂವರೂ ಉಳಿಯಲಿಲ್ಲ.

ಅಂದಿನ ಪರೀಕ್ಷೆ ಕಠಿಣವಾದದ್ದು. ಹಾರುತ್ತಿರುವಾಗಲೇ ಒಂದು ಎಂಜಿನ್ ಆರಿಸಿ, ಮತ್ತೆ ಹೊತ್ತಿಸಬೇಕು. ಎಂಜಿನ್ ನಿಂತಾಗ ಪ್ರೊಪೆಲ್ಲರ್‌ನ ಅಲಗುಗಳನ್ನು ಗಾಳಿಗೆ ಅಂಚು ಕೊಡುವಂತೆ ತಿರುಗಿಸಿಡುತ್ತಾರೆ. ಮರುಚಾಲನೆಗಾಗಿ ಅವನ್ನು ಮತ್ತೆ ಹೊರಳಿಸಿದಾಗ, ಎಂಜಿನ್ ಹೊತ್ತಿಕೊಳ್ಳುವವರೆಗೆ ಪ್ರೊಪೆಲ್ಲರ್ ಗಾಳಿಗೆ ಅಡ್ಡಗಟ್ಟುವ ತಟ್ಟೆಯಂತಾಗಬಹುದು. ಒಂದೇ ಬದಿಯ ಈ ಎಳೆತಕ್ಕೆ ವಿಮಾನ ವಾಲುತ್ತದೆ, ವೇಗ ಕುಸಿಯುತ್ತದೆ. ಹಿಡಿತ ಮರಳಿ ಪಡೆಯಲು ಕೆಳಗೆ ಸಾಕಷ್ಟು ಎತ್ತರ ಇರಲೇಬೇಕು.

ನಾಗರಿಕ ವಿಮಾನಯಾನ ನಿರ್ದೇಶನಾಲಯದ ತನಿಖೆ ಹೇಳಿದ್ದೂ ಇದನ್ನೇ: ವಿನ್ಯಾಸಕರು ರೂಪಿಸಿದ ಮರುಚಾಲನಾ ವಿಧಾನ ತಪ್ಪಾಗಿತ್ತು, ಅದನ್ನು ಪ್ರಯೋಗಿಸಿದ ಎತ್ತರ ಸಾಲದಾಗಿತ್ತು. ಪೈಲಟ್‌ಗಳು ಅನುಸರಿಸಿದ್ದು ತಮಗೆ ಕೊಟ್ಟ ವಿಧಾನವನ್ನೇ. ಇದನ್ನು ಬರಿಯ ‘ಪೈಲಟ್ ದೋಷ’ ಎನ್ನುವುದು ಅನ್ಯಾಯ.

ಹಾಗೆಂದು ಎಲ್ಲ ವಿಮಾನ ಅಪಘಾತಗಳ ಕಾರಣವೂ ಒಂದೇ ಅಲ್ಲ. 1999ರ ಜನವರಿಯಲ್ಲಿ ಅರಕ್ಕೋಣಂ ಬಳಿ ಪರೀಕ್ಷಾ ಹಾರಾಟದಲ್ಲಿದ್ದ ಆವ್ರೊ ವಿಮಾನದ ಬೆನ್ನ ಮೇಲಿನ ರೇಡಾರ್ ಗುಮ್ಮಟ ಕಳಚಿ, ವಿಜ್ಞಾನಿಗಳೂ ಸೇರಿ ಎಂಟು ಮಂದಿ ಮಡಿದರು. 2019ರ ಜೂನ್‌ನಲ್ಲಿ ಜೋರ್ಹಾಟ್‌ನಿಂದ ಮೆಚುಕಾಕ್ಕೆ ಹೊರಟ ಎಎನ್-32 ವಿಮಾನ ಅರುಣಾಚಲದ ಬೆಟ್ಟಕ್ಕೆ ಬಡಿದು 13 ಮಂದಿ ಸತ್ತರು.

‘ಸಾರಸ್’ ಯೋಜನೆ ಬಿಡದಿಯ ಅಪಘಾತದ ಬಳಿಕ ವರ್ಷಗಟ್ಟಲೆ ಸ್ಥಗಿತಗೊಂಡಿತು. ಸುಧಾರಿಸಿದ ಮಾದರಿ ಬೆಂಗಳೂರಿನಲ್ಲಿ ಹಾರಿದ್ದು 2018ರ ಜನವರಿಯಲ್ಲಿ.